ಮರದ ಹೆಸರನ್ನು ರೈತರಿಂದಲೇ ಕೇಳಿ ಬರೆದವರು: ಫ್ರಾನ್ಸಿಸ್ ಬುಕಾನನ್ ಅವರ ಬದುಕು ಮತ್ತು ನಮ್ಮ ನೆಲದ ಮರಗಳ ಆಯ್ಕೆ



ಹಬ್ಬದ ದಿನ ಪಾಯಸಕ್ಕೆ ಹಾಕುವ ಚಾರೋಲಿ ಬೀಜವನ್ನು ನೀವು ಅಂಗಡಿಯಿಂದ ತಂದಿರಬಹುದು. ಆ ಬೀಜ ಕೊಡುವ ಮರ ನಮ್ಮ ನಾಡಿನ ಒಣ ಕಾಡುಗಳದ್ದೇ. ಕನ್ನಡದಲ್ಲಿ ಅದಕ್ಕೆ ನುರ್ಕಲು, ಮುರ್ಕಲಿ ಎಂಬ ಹೆಸರುಗಳಿವೆ. ಸಸ್ಯಶಾಸ್ತ್ರಜ್ಞರು ಅದನ್ನು ಬುಕನಾನಿಯ ಲಾಂಜಾನ್ ಎಂದು ಕರೆಯುತ್ತಾರೆ. ಈ ಹೆಸರಿನ ಮೊದಲ ಭಾಗ ಒಬ್ಬ ಮನುಷ್ಯನದು. ಅವರು ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, 1801ರ ಬೇಸಿಗೆಯಲ್ಲಿ, ಅವರು ನಮ್ಮ ಬಾಣಾವರ, ಜಾವಗಲ್, ಹಳೇಬೀಡಿನ ಸೀಮೆಯನ್ನು ಹಾದುಹೋದರು. ಹೋದ ಊರುಗಳಲ್ಲೆಲ್ಲ ಬೇಸಾಯಗಾರರನ್ನು ಕರೆದು ಮಣ್ಣಿನ ಬಗೆ, ಬಿತ್ತನೆಯ ಕಾಲ, ಮರದ ಹೆಸರು, ಮರದ ಉಪಯೋಗ ಇವನ್ನು ಕೇಳಿ ಬರೆದುಕೊಂಡರು.

ತಮ್ಮ ಜಮೀನಿನಲ್ಲಿ ಯಾವ ಮರ ನೆಡಬೇಕೆಂದು ಕೇಳಿಕೊಂಡು ಇಂದು ಅನೇಕ ರೈತರು ನಮ್ಮಲ್ಲಿಗೆ ಬರುತ್ತಾರೆ. ಮರದ ಪಟ್ಟಿಯೊಂದನ್ನು ಕೊಟ್ಟು ಕಳುಹಿಸುವುದು ಸುಲಭ. ಆದರೆ ತಪ್ಪಾಗಿ ಆಯ್ದ ರಾಗಿ ತಳಿಯ ನಷ್ಟ ಒಂದು ವರ್ಷಕ್ಕೆ ಮುಗಿಯುತ್ತದೆ, ತಪ್ಪಾಗಿ ಆಯ್ದ ಮರದ ನಷ್ಟ ಹತ್ತು ಹದಿನೈದು ವರ್ಷ ನಿಲ್ಲುತ್ತದೆ. ಆದುದರಿಂದ ಪಟ್ಟಿಗಿಂತ ಮೊದಲು ಕೇಳುವ ಕ್ರಮವನ್ನು ಕಲಿಯುವುದು ಒಳಿತು. ಬುಕಾನನ್ ಅವರ ಬದುಕಿನಿಂದ ನಾವು ಕಲಿಯಬಹುದಾದುದು ಅದನ್ನೇ.

ವೈದ್ಯರು ಸಸ್ಯಗಳತ್ತ ತಿರುಗಿದ ಬಗೆ

ಬುಕಾನನ್ ಅವರು 1762ರಲ್ಲಿ ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬಲ್ಲಿ ಹುಟ್ಟಿದರು. ತಂದೆ ವೈದ್ಯರು. ಮನೆಯಲ್ಲಿ ಇವರು ಕಿರಿಯ ಮಗನಾದುದರಿಂದ ಆಸ್ತಿಯ ಮೇಲೆ ನಿಲ್ಲುವ ಹಾಗಿರಲಿಲ್ಲ, ದುಡಿದೇ ಬದುಕಬೇಕಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದರು. ಅಂದಿನ ವೈದ್ಯರಿಗೆ ಗಿಡಮೂಲಿಕೆಗಳ ಅರಿವು ಕಡ್ಡಾಯವಾಗಿತ್ತು. ಅಲ್ಲಿ ಜಾನ್ ಹೋಪ್ ಎಂಬ ಗುರುಗಳು ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅವರ ಪಾಠಗಳನ್ನು ಬುಕಾನನ್ ಶ್ರದ್ಧೆಯಿಂದ ಟಿಪ್ಪಣಿ ಮಾಡಿಕೊಂಡರು.

ಆ ಟಿಪ್ಪಣಿ ಪುಸ್ತಕಗಳಿಗೆ ಒಂದು ವಿಚಿತ್ರ ಕಥೆಯಿದೆ. ಓದು ಮುಗಿಸಿ ಹಡಗುಗಳಲ್ಲಿ ವೈದ್ಯರಾಗಿ ದುಡಿಯುತ್ತಿದ್ದಾಗ, 1785ರಲ್ಲಿ, ಅವರು ಅವನ್ನು ಜೊತೆಗಾರರೊಬ್ಬರಿಗೆ ಓದಲು ಕೊಟ್ಟರು. ಆ ಜೊತೆಗಾರರು ಅವನ್ನು ಸತ್ಯಮಂಗಲದಲ್ಲಿ ಕಳೆದುಕೊಂಡರು. ಪುಸ್ತಕಗಳು ಕೈಯಿಂದ ಕೈಗೆ ಸಾಗಿ ಟಿಪ್ಪು ಸುಲ್ತಾನರ ಬಳಿಗೆ ಬಂದವು. ಸುಲ್ತಾನರು ಅವಕ್ಕೆ ಹೊಸ ಹೊದಿಕೆ ಕಟ್ಟಿಸಿ ತಮ್ಮ ಗ್ರಂಥಾಲಯದಲ್ಲಿ ಇರಿಸಿದರು. ಶ್ರೀರಂಗಪಟ್ಟಣದ ಪತನದ ಅನಂತರ, 1800ರಲ್ಲಿ, ಸೇನಾಧಿಕಾರಿಯೊಬ್ಬರು ಆ ಗ್ರಂಥಾಲಯದಲ್ಲಿ ಅವನ್ನು ಕಂಡು ಬುಕಾನನ್ ಅವರಿಗೆ ಮರಳಿಸಿದರು. ಹೀಗೆ ವಿದ್ಯಾರ್ಥಿಯಾಗಿದ್ದಾಗ ಬರೆದ ಗಿಡಗಳ ಪಾಠ ಹದಿನೈದು ವರ್ಷಗಳ ಮೇಲೆ ಮೈಸೂರು ಸೀಮೆಯಲ್ಲೇ ಅವರ ಕೈ ಸೇರಿತು.

1794ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಕಂಪನಿಯ ದೂತರ ಜೊತೆ ಬರ್ಮಾ ದೇಶಕ್ಕೆ ಹೋಗಿ ಅಲ್ಲಿಯ ಸಸ್ಯಗಳನ್ನು ಸಂಗ್ರಹಿಸಿದರು. 1798ರಲ್ಲಿ ಸಾಂಬಾರ ಬೆಳೆಗಳಿಗೆ ಒಪ್ಪುವ ನೆಲ ಹುಡುಕಲು ಚಿತ್ತಗಾಂಗಿನ ಬೆಟ್ಟಗಳಲ್ಲಿ ಸಂಚರಿಸಿದರು. ಬೆಳೆಯನ್ನು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ನೆಲ ಹುಡುಕುವ ಕೆಲಸ ಅದು. ಎರಡೇ ವರ್ಷಗಳಲ್ಲಿ ಅವರಿಗೆ ಇದಕ್ಕೆ ತಿರುಗಾದ ಕೆಲಸ ಸಿಕ್ಕಿತು. ನೆಲವನ್ನು ನೋಡಿ ಅದರಲ್ಲಿ ಏನಿದೆ, ಏನು ಬೆಳೆಯುತ್ತದೆ ಎಂದು ತಿಳಿಯಬೇಕಿತ್ತು.

ಮೈಸೂರು ಸೀಮೆಯ ಪಯಣ

1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಮೈಸೂರು ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಅರಸರು ಇನ್ನೂ ಬಾಲಕರಾಗಿದ್ದುದರಿಂದ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರು. ಗವರ್ನರ್ ಜನರಲ್ ವೆಲ್ಲೆಸ್ಲಿಯವರಿಗೆ ಈ ನಾಡಿನ ಬೇಸಾಯ, ಕೈಕಸುಬು, ವ್ಯಾಪಾರಗಳ ನಿಜಸ್ಥಿತಿ ತಿಳಿಯಬೇಕಿತ್ತು. ಆ ಕೆಲಸಕ್ಕೆ ಅವರು ಬುಕಾನನ್ ಅವರನ್ನು ನೇಮಿಸಿದರು.

1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಬುಕಾನನ್, ಕೋಲಾರ, ಬೆಂಗಳೂರುಗಳ ಮೂಲಕ ಶ್ರೀರಂಗಪಟ್ಟಣ ತಲುಪಿದರು. ಮೈಸೂರಿನ ಪೂರ್ವದ ಸೀಮೆಯನ್ನು ಸುತ್ತಿ, ಕೊಯಮತ್ತೂರು, ಮಲಬಾರುಗಳನ್ನು ದಾಟಿ, ತುಳುನಾಡು ಮತ್ತು ಉತ್ತರ ಕನ್ನಡದ ಕರಾವಳಿಯುದ್ದಕ್ಕೂ ಸಾಗಿದರು. ಅಲ್ಲಿಂದ ಘಟ್ಟ ಹತ್ತಿ ಶಿರಸಿ, ಬನವಾಸಿ, ಇಕ್ಕೇರಿ, ನಗರ, ಶಿವಮೊಗ್ಗ, ಹರಿಹರ, ಚಿತ್ರದುರ್ಗಗಳನ್ನು ನೋಡಿ ಹಿರಿಯೂರಿಗೆ ಬಂದರು. ಹಿರಿಯೂರಿನಿಂದ ಶ್ರೀರಂಗಪಟ್ಟಣಕ್ಕೆ ಮರಳುವ ದಾರಿಯಲ್ಲಿ ಅವರಿಗೆ ನಮ್ಮ ಸೀಮೆ ಸಿಕ್ಕಿತು. 1801ರ ಜುಲೈನಲ್ಲಿ ಪಯಣ ಮುಗಿಯಿತು. ದಿನಚರಿಯ ರೂಪದಲ್ಲಿ ಬರೆದ ಈ ವೃತ್ತಾಂತವನ್ನು ಕಂಪನಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿತು.

ಅವರು ಕಂಡ ನಾಡು ಸುಖವಾಗಿರಲಿಲ್ಲ. ಮೇಲಿಂದ ಮೇಲೆ ನಡೆದ ಯುದ್ಧಗಳಿಂದ ಊರುಗಳು ಬಡವಾಗಿದ್ದವು, ಎಷ್ಟೋ ಹೊಲಗಳು ಪಾಳುಬಿದ್ದಿದ್ದವು. ದಂಡಿನ ಜೊತೆಗೆ ಬಂದ ಪರದೇಶಿ ಅಧಿಕಾರಿಯೊಬ್ಬರು ಹೊಲದ ಇಳುವರಿ ಕೇಳಿದರೆ ರೈತರು ಹೆದರುವುದು ಸಹಜ. ಹೇಳಿದ ಲೆಕ್ಕ ನಾಳೆ ಕಂದಾಯವಾಗಿ ಮೇಲೆ ಬೀಳಬಹುದೆಂಬ ಅಂಜಿಕೆ ಅವರದು. ಇದು ಬುಕಾನನ್ ಅವರಿಗೂ ಗೊತ್ತಿತ್ತು. ಒಬ್ಬರ ಮಾತನ್ನೇ ನಂಬದೆ ಹಲವರನ್ನು ಕೇಳಿ, ಕಣ್ಣಾರೆ ನೋಡಿ, ಹೋಲಿಸಿ ಬರೆಯುವುದು ಅವರ ರೂಢಿಯಾಗಿತ್ತು.

ಬುಕಾನನ್ ಕೇಳಿದ ಕ್ರಮ

ರೈತ ಬಾಂಧವರೇ, ಬುಕಾನನ್ ಅವರ ಕ್ರಮದಲ್ಲಿ ಮೂರು ಸಂಗತಿಗಳನ್ನು ಗಮನಿಸಿ.

ಮೊದಲನೆಯದು ಮಣ್ಣು. ಅವರು ಮಣ್ಣಿಗೆ ಲ್ಯಾಟಿನ್ ಹೆಸರು ಕೊಡಲಿಲ್ಲ. ರೈತರು ಹೇಳಿದ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳನ್ನೇ ಬರೆದುಕೊಂಡು, ಯಾವುದರಲ್ಲಿ ಯಾವ ಬೆಳೆ ಬರುತ್ತದೆಂದು ಸೇರಿಸಿದರು. ಒಂದೇ ಊರಿನಲ್ಲಿ ನಾಲ್ಕು ಬಗೆಯ ಮಣ್ಣಿರಬಹುದು, ಒಂದೇ ಹೊಲದಲ್ಲಿ ಎರಡು ಬಗೆಯದು ಇರಬಹುದು ಎಂಬುದನ್ನು ಬೇಸಾಯಗಾರರು ಅವರಿಗೆ ತೋರಿಸಿಕೊಟ್ಟರು.

ಎರಡನೆಯದು ಹೆಸರು. ಮಾಗಡಿಯ ಸುತ್ತಿನ ಕಾಡುಗಳಲ್ಲಿ ಅವರು ಮರಗಳ ಪಟ್ಟಿ ಮಾಡಿದಾಗ, ಕಾಡನ್ನು ಬಲ್ಲ ಸ್ಥಳೀಯರು ಹೇಳಿದ ಕನ್ನಡ ಹೆಸರನ್ನು ಕಿವಿಗೆ ಕೇಳಿದಂತೆ ಬರೆದು, ಶಾಸ್ತ್ರೀಯ ಹೆಸರನ್ನು ಅದರ ಪಕ್ಕದಲ್ಲಿ ಇಟ್ಟರು. ಕನ್ನಡ ಹೆಸರು ಇಲ್ಲದಿದ್ದರೆ ಆ ಪಟ್ಟಿಯಿಂದ ಇಂದು ನಮಗೆ ಹೆಚ್ಚಿನ ಪ್ರಯೋಜನವಿರುತ್ತಿರಲಿಲ್ಲ. ಶಾಸ್ತ್ರೀಯ ಹೆಸರುಗಳು ಕಾಲಕಾಲಕ್ಕೆ ಬದಲಾಗಿವೆ. ಹೊನ್ನೆ ಇಂದಿಗೂ ಹೊನ್ನೆಯೇ.

ಮೂರನೆಯದು ಕೆಲಸ. ಈ ಮರ ಯಾವುದಕ್ಕೆ ಬರುತ್ತದೆ ಎಂಬುದು ಅವರ ನಿತ್ಯದ ಪ್ರಶ್ನೆ. ನೇಗಿಲಿಗೋ, ಗಾಡಿಗೋ, ಎಣ್ಣೆಗೋ, ಬಣ್ಣಕ್ಕೋ, ಇದ್ದಲಿಗೋ, ದನದ ಮೇವಿಗೋ ಎಂದು ಕೇಳುತ್ತಿದ್ದರು. ಮರವನ್ನು ಅಂದಕ್ಕಾಗಿ ನೋಡಿದವರಲ್ಲ ಅವರು.

ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ನಮ್ಮದೇ ಸೀಮೆಯನ್ನು ಒಮ್ಮೆ ನಡೆದು ನೋಡೋಣ. ಇಲ್ಲಿಂದ ಮುಂದೆ ಹೇಳುವ ಮರಗಳ ಸಲಹೆ ಇಂದಿನ ಅನುಭವದ್ದು, ಬುಕಾನನ್ ಅವರದ್ದಲ್ಲ.

ಅರಸೀಕೆರೆಯ ಒಣ ನೆಲ

ಬುಕಾನನ್ ಬಂದ ದಿಕ್ಕಿನಿಂದಲೇ ಆರಂಭಿಸಿದರೆ ಮೊದಲು ಸಿಗುವುದು ಅರಸೀಕೆರೆ ತಾಲ್ಲೂಕು. ಕೃಷಿ ಹವಾಮಾನ ವಿಂಗಡಣೆಯಲ್ಲಿ ಇದು ಮಧ್ಯ ಒಣ ವಲಯಕ್ಕೆ ಸೇರುತ್ತದೆ. ಕೆಂಪು ಮಣ್ಣು, ಕಲ್ಲುಗೊರಸು, ನಂಬಲಾಗದ ಮಳೆ, ತೆಂಗಿನ ತೋಟ, ರಾಗಿ ಹೊಲ, ನಡುನಡುವೆ ಹುಲ್ಲುಗಾವಲು. ಕೆರೆಯ ಹೆಸರನ್ನೇ ಹೊತ್ತ ಪಟ್ಟಣವಾದರೂ ಇಂದು ತೋಟಗಳು ನಿಂತಿರುವುದು ಕೊಳವೆಬಾವಿಗಳ ಮೇಲೆ.

ಇಂಥ ನೆಲದಲ್ಲಿ ಹೊಲದ ಬದುವಿಗೆ ಮೊದಲ ಆಯ್ಕೆ ಹೊಂಗೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ. ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ. ಬೀಜದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯಿದೆ, ಹಿಂಡಿ ತೋಟಕ್ಕೆ ಗೊಬ್ಬರ. ದನ, ಆಡುಗಳು ಇದನ್ನು ಹೆಚ್ಚಾಗಿ ಮೇಯುವುದಿಲ್ಲವಾದುದರಿಂದ ಕಾವಲೂ ಕಡಿಮೆ ಸಾಕು. ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಇಪ್ಪೆ ಮೊದಲಾದ ಎಣ್ಣೆಬೀಜದ ಮರಗಳ ಬಗ್ಗೆ ಅಲ್ಲಿ ತಿಳಿದುಕೊಳ್ಳಬಹುದು.

ಮೇಲ್ಮಣ್ಣು ತೆಳುವಾದ ಕಲ್ಲುನೆಲಕ್ಕೆ ಕಮರ ಒಪ್ಪುತ್ತದೆ. ಅದು ನಿಧಾನವಾಗಿ ಏಳುತ್ತದೆ, ಮೊದಲ ವರ್ಷಗಳಲ್ಲಿ ಬೇರನ್ನೇ ಹೆಚ್ಚು ಇಳಿಸುತ್ತದೆ. ನಿಂತ ಮೇಲೆ ಬರಗಾಲದಲ್ಲೂ ಅದರ ಸೊಪ್ಪು ದನಗಳಿಗೆ ಮೇವು. ಮನೆಯ ಬಳಿ, ಕಣದ ಬಳಿ ಬೇವು ಇರಲಿ. ಕೆರೆಯ ಅಂಚಿನ ಎರೆಮಣ್ಣಿಗೆ ಕರಿಜಾಲಿ ಸರಿ, ಅದರ ಕಾಯಿ ಕುರಿಗಳಿಗೆ ಮೇವು. ಆದರೆ ಬಳ್ಳಾರಿ ಜಾಲಿಯನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ. ಅದು ಅಮೆರಿಕ ಖಂಡದಿಂದ ಬಂದುದು. ಒಮ್ಮೆ ನೆಲೆಯೂರಿದರೆ ಕೆರೆಯಂಗಳವನ್ನೂ ಗೋಮಾಳವನ್ನೂ ನುಂಗಿಬಿಡುತ್ತದೆ.

ಮರಗಳ ಜೊತೆಗೆ ಪೊದೆಗಳನ್ನೂ ಆಯ್ದುಕೊಳ್ಳಿ. ಬೇಲಿಗೆ ಕವಳಿ, ಕಾರೆ, ಲಕ್ಕಿ ಇವೆ. ಕವಳಿಯ ಮುಳ್ಳು ದನವನ್ನು ತಡೆಯುತ್ತದೆ, ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಸಿಗುತ್ತದೆ. ಲಕ್ಕಿ ಕಡ್ಡಿಯಿಂದಲೇ ಬರುತ್ತದೆ, ಸೊಪ್ಪನ್ನು ಕಾಳಿನ ಜೊತೆ ಇಟ್ಟರೆ ಹುಳ ಬರುವುದು ಕಡಿಮೆ. ಇಳಿಜಾರಿನ ಬದುವಿಗೆ ತಂಗಡಿ, ಬಂದರೆ ಗಿಡಗಳು ಮಣ್ಣನ್ನು ಹಿಡಿಯುತ್ತವೆ. ತಂಗಡಿಯ ಹೂವು ಜೇನುನೊಣಗಳನ್ನು ಹೊಲಕ್ಕೆ ಕರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರವಿಲ್ಲದ ನೆಲವೆಲ್ಲ ಹಾಳುನೆಲವಲ್ಲ. ಅಮೃತ್ ಮಹಲ್ ರಾಸುಗಳಿಗಾಗಿ ಅರಸರ ಕಾಲದಿಂದ ಕಾದಿಟ್ಟ ಕಾವಲುಗಳು ಹುಲ್ಲಿನ ನೆಲಗಳು. ಅಲ್ಲಿನ ಹುಲ್ಲು, ಹಕ್ಕಿ, ಕುರಿಗಾರರ ಬದುಕು ಇವೆಲ್ಲ ಬಯಲನ್ನೇ ನಂಬಿವೆ. ಅಂಥಲ್ಲಿ ದಟ್ಟವಾಗಿ ಮರ ನೆಡುವುದು ಒಳಿತಿಗಿಂತ ಕೆಡುಕನ್ನೇ ಮಾಡುತ್ತದೆ. ನಿಮ್ಮ ಸ್ವಂತ ಹುಲ್ಲುಬನ್ನಿಗೂ ಇದೇ ಮಾತು. ದೂರ ದೂರಕ್ಕೆ ಒಂದೊಂದು ನೆರಳಿನ ಮರ ಸಾಕು.

ಹಳೇಬೀಡು: ಕೆರೆಗಳ ಸೀಮೆ

ಜಾವಗಲ್ ದಾಟಿ ಹಳೇಬೀಡಿಗೆ ಬಂದರೆ ನೆಲದ ಬಣ್ಣವೂ ಮಳೆಯ ಪ್ರಮಾಣವೂ ಬದಲಾಗುತ್ತವೆ. ಹಿಂದೆ ಈ ಊರಿನ ಹೆಸರು ದೋರಸಮುದ್ರ. ಸಮುದ್ರವೆಂದರೆ ಇಲ್ಲಿ ಕೆರೆ. ಹೊಯ್ಸಳರ ರಾಜಧಾನಿ ಬೆಳೆದದ್ದು ಕೆರೆಯ ಮಗ್ಗುಲಲ್ಲಿ.

ಕೆರೆಯಿರುವ ಊರಿನಲ್ಲಿ ಮರ ನೆಡುವವರು ಏರಿಯನ್ನೂ ಅಂಗಳವನ್ನೂ ಬೇರೆ ಬೇರೆಯಾಗಿ ನೋಡಬೇಕು. ಮಣ್ಣಿನ ಏರಿಯ ಮೇಲೆ ದೊಡ್ಡ ಮರ ಬೇಡ. ಮರ ಸತ್ತು ಬೇರು ಕೊಳೆತಾಗ ಉಳಿಯುವ ಪೊಳ್ಳು ನೀರಿಗೆ ದಾರಿಯಾಗುತ್ತದೆ. ಏರಿಗೆ ಹುಲ್ಲು ಮತ್ತು ಚಿಕ್ಕ ಪೊದೆ ಸಾಕು. ನೀರು ಕೆರೆಗೆ ಹರಿದುಬರುವ ಕಡೆ, ಹಳ್ಳದ ಇಕ್ಕೆಲಗಳಲ್ಲಿ, ಹೊಳೆಮತ್ತಿ, ನೇರಳೆ, ಹೊಂಗೆ, ಇಪ್ಪೆಗಳನ್ನು ನೆಡಬಹುದು. ಇವು ಕೆಲಕಾಲ ಬುಡದಲ್ಲಿ ನೀರು ನಿಂತರೂ ತಾಳುತ್ತವೆ, ಹೂಳನ್ನು ದಡದಲ್ಲೇ ತಡೆಯುತ್ತವೆ. ಇಪ್ಪೆ ಬಹಳ ನಿಧಾನದ ಮರ. ನೆಟ್ಟವರಿಗಿಂತ ಮಕ್ಕಳಿಗೆ ಹೆಚ್ಚು ದಕ್ಕುವಂಥದ್ದು. ಹಾಗೆಂದು ಎಲ್ಲರೂ ಬಿಟ್ಟುದರಿಂದಲೇ ಇಂದು ಹಳೆಯ ಇಪ್ಪೆಗಳು ಉರುಳಿದ ಕಡೆ ಎಳೆಯ ಇಪ್ಪೆಗಳು ಕಾಣುತ್ತಿಲ್ಲ.

ಹುಣಸೆಯ ಬಗ್ಗೆ ಅನೇಕರು ಕೇಳುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಹುಣಸೆ ಆಫ್ರಿಕಾ ಮೂಲದ್ದು. ಆದರೆ ಅದು ನಮ್ಮ ನೆಲಕ್ಕೆ ಬಂದು ಎಷ್ಟೋ ಶತಮಾನಗಳಾಗಿವೆ, ನಮ್ಮ ಅಡುಗೆಮನೆಯದೇ ಆಗಿದೆ, ತಾನಾಗಿ ಹಬ್ಬಿ ಬೇರೆ ಗಿಡಗಳನ್ನು ತುಳಿಯುವುದಿಲ್ಲ. ದೇಶಿ ಮರವೆಂಬ ಮಾತನ್ನು ಕುರುಡು ನಿಯಮವಾಗಿ ಹಿಡಿಯಬೇಕಾಗಿಲ್ಲ. ಈ ಮರ ಇಲ್ಲಿಯ ನೀರು, ಮಣ್ಣು, ಜೀವಿಗಳೊಡನೆ ಹೊಂದಿಕೊಂಡು ಬಾಳುತ್ತದೆಯೇ ಎಂಬುದನ್ನು ನೋಡಿದರೆ ಸಾಕು.

ಬೇಲೂರು: ಮಲೆನಾಡಿನ ಹೊಸ್ತಿಲು

ಬೇಲೂರು ತಾಲ್ಲೂಕು ದಕ್ಷಿಣ ಪರಿವರ್ತನಾ ವಲಯದ್ದು. ಯಗಚಿ ನದಿಯ ದಂಡೆಯಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ, ರಾಗಿ ಜೋಳಗಳ ಹೊಲ ಹಿಂದಾಗಿ ಕಾಫಿ ತೋಟ ಬರುತ್ತದೆ. ಅರಸೀಕೆರೆಯಲ್ಲಿ ಗೆದ್ದ ಕಮರ ಇಲ್ಲಿ ಸೋಲಬಹುದು. ಇಲ್ಲಿಯ ಬೀಟೆ ಅರಸೀಕೆರೆಯ ಕಲ್ಲುನೆಲದಲ್ಲಿ ಕುಬ್ಜವಾಗಬಹುದು. ಎರಡು ದಿನದ ನಡಿಗೆಯೊಳಗೆ ನೆಲ ಇಷ್ಟು ಬದಲಾಗುವ ಜಿಲ್ಲೆಗೆ ಒಂದೇ ಪಟ್ಟಿ ಹೇಗೆ ಹೊಂದೀತು?

ಇಲ್ಲಿ ಬದುವಿಗೂ ಹಿತ್ತಲಿಗೂ ಹೊನ್ನೆ, ಮತ್ತಿ, ನಂದಿ, ಹಲಸು, ಹೆಬ್ಬೇವು ಸೂಕ್ತ. ಹೆಬ್ಬೇವು ನಮ್ಮ ಪಶ್ಚಿಮ ಘಟ್ಟದ್ದೇ ಆಗಿದ್ದು ಬೇಗ ಬೆಳೆಯುತ್ತದೆ. ದೇಶಿ ಮರಗಳೆಲ್ಲ ನಿಧಾನವೆಂಬ ದೂರಿಗೆ ಅದೇ ಉತ್ತರ. ಕಾಫಿ ತೋಟದ ಮೇಲ್ನೆರಳಿಗೆ ಅತ್ತಿ, ಬಸರಿ, ಹಲಸು, ನೇರಳೆ, ಬೀಟೆ, ಹೊನ್ನೆ ಬೆರೆತಿದ್ದರೆ ಎಲೆ ಉದುರಿ ಬೇಗ ಕಳಿತು ಮಣ್ಣಾಗುತ್ತದೆ, ಹಕ್ಕಿಗಳಿಗೆ ವರ್ಷವಿಡೀ ಹಣ್ಣು ಸಿಗುತ್ತದೆ. ಒರಟು ತೊಗಟೆಯ ಮರ ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಅತ್ತಿ, ಆಲ, ಅರಳಿಗಳನ್ನು ಮಾತ್ರ ಮನೆಯ ಗೋಡೆಗೂ ಬಾವಿಗೂ ದೂರವಿಡಿ.

ಬೆಳೆಗಾರರು ಸಿಲ್ವರ್ ಓಕ್ ಮರವನ್ನು ಏಕೆ ನೆಡುತ್ತಾರೆಂಬುದು ನಮಗೆ ತಿಳಿಯದ ವಿಷಯವಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರ ನೇರವಾಗಿ ಬೆಳೆಯುತ್ತದೆ, ಬೇಗ ಕೈಗೆ ಬರುತ್ತದೆ, ಕಡಿಯಲು ಅನುಮತಿಯ ತೊಡಕು ಕಡಿಮೆ. ಬೀಟೆ ನೆಟ್ಟವರಿಗೆ ಈ ಅನುಕೂಲಗಳಿಲ್ಲ. ಆದುದರಿಂದ ಇರುವ ಸಿಲ್ವರ್ ಓಕನ್ನೆಲ್ಲ ಒಮ್ಮೆಗೇ ತೆಗೆಯಿರೆಂದು ನಾವು ಹೇಳುವುದಿಲ್ಲ. ಪ್ರತಿ ವರ್ಷ ಸತ್ತ, ಮುರಿದ ಮರಗಳ ಜಾಗಕ್ಕೆ ದೇಶಿ ಮರವನ್ನು ಸೇರಿಸುತ್ತ ಬನ್ನಿ. ಹಾಗೆ ಮಾಡಿದರೆ ಆದಾಯಕ್ಕೆ ಪೆಟ್ಟು ಬೀಳದೆ ಕೆಲವು ವರ್ಷಗಳಲ್ಲಿ ನೆರಳು ಬಗೆಬಗೆಯದಾಗುತ್ತದೆ.

ಶ್ರೀಗಂಧದ ಪಾಠ

ಬುಕಾನನ್ ಕಂಡ ಮೈಸೂರಿನಲ್ಲಿ ಶ್ರೀಗಂಧ ಅರಸರ ಸೊತ್ತು. ಹೊಲದಲ್ಲಿ ತಾನಾಗಿ ಹುಟ್ಟಿದರೂ ರೈತನಿಗೆ ಅದರ ಮೇಲೆ ಹಕ್ಕಿರಲಿಲ್ಲ. ತನ್ನದಾಗದ ಮರವನ್ನು ಯಾವ ರೈತ ತಾನೇ ಕಾಪಾಡಿಯಾನು? ಈ ಸ್ಥಿತಿ ಎರಡು ಶತಮಾನ ಮುಂದುವರಿಯಿತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯರಿಗೆ ತಮ್ಮ ನೆಲದ ಶ್ರೀಗಂಧದ ಮೇಲೆ ಹಕ್ಕು ದೊರೆಯಿತು. ಅಂದಿನಿಂದ ಹೊಲಗಳಲ್ಲಿ ಶ್ರೀಗಂಧ ನೆಡುವವರು ಹೆಚ್ಚಿದರು.

ಶ್ರೀಗಂಧದ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಆಹಾರ ಹೀರುತ್ತದೆ. ಇದನ್ನು ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞರು 1871ರಲ್ಲಿ ತೋರಿಸಿಕೊಟ್ಟರು. ಆಗ ಬುಕಾನನ್ ತೀರಿಕೊಂಡು ನಲವತ್ತು ವರ್ಷಗಳಾಗಿದ್ದವು. ಆದುದರಿಂದ ಶ್ರೀಗಂಧವನ್ನು ಒಂಟಿಯಾಗಿ ನೆಡಬೇಡಿ. ಎಳೆಯ ಸಸಿಯ ಪಕ್ಕದಲ್ಲಿ ತೊಗರಿ, ಅನಂತರ ಆಸರೆಗೆ ಹೊಂಗೆ, ಹೆಬ್ಬೇವು ಅಥವಾ ಬೇಲಿಯ ತಂಗಡಿ ಇರಲಿ. ಕಳವಿನ ಭಯವಿರುವುದರಿಂದ ಮನೆಯ ಕಣ್ಣಳತೆಯಲ್ಲೇ ನೆಡುವುದು ಕ್ಷೇಮ. ಯಾವ ಮರವನ್ನೇ ಆಗಲಿ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಈ ವಿಚಾರಣೆಯನ್ನು ನೆಡುವ ಮೊದಲೇ ಮಾಡಿದರೆ ಮುಂದೆ ಪಶ್ಚಾತ್ತಾಪವಿರದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಸಹಾಯಧನದ ವಿವರವನ್ನೂ ಅಲ್ಲೇ ಪಡೆಯಬಹುದು.

ಬುಕಾನನ್ ಅವರ ಕೊನೆಯ ವರ್ಷಗಳು

ಮೈಸೂರಿನ ಕೆಲಸ ಮುಗಿಸಿದ ಬುಕಾನನ್ 1802ರಲ್ಲಿ ನೇಪಾಳಕ್ಕೆ ಹೋಗಿ ಮರುವರ್ಷದವರೆಗೆ ಅಲ್ಲಿಯ ಸಸ್ಯಗಳನ್ನು ಸಂಗ್ರಹಿಸಿದರು. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಇದೇ ರೀತಿಯಲ್ಲಿ ಸಮೀಕ್ಷೆ ಮಾಡಿದರು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾದರು. ಆದರೆ ಆರೋಗ್ಯ ಕೆಟ್ಟು 1815ರಲ್ಲಿ ಊರಿಗೆ ಮರಳಬೇಕಾಯಿತು.

ಹೊರಡುವ ಹೊತ್ತಿನಲ್ಲಿ ಅವರಿಗೆ ದೊಡ್ಡ ಆಘಾತವಾಯಿತು. ವರ್ಷಗಳ ಕಾಲ ತಾವು ಬರೆಸಿದ ಪ್ರಾಣಿ, ಸಸ್ಯಗಳ ಚಿತ್ರಗಳನ್ನು ಜೊತೆಗೆ ಒಯ್ಯಲು ಗವರ್ನರ್ ಜನರಲ್ ಅವರು ಬಿಡಲಿಲ್ಲ. ಅವು ಕಂಪನಿಯ ಸೊತ್ತೆಂದು ಕಲ್ಕತ್ತೆಯಲ್ಲೇ ಉಳಿದವು. ಹೊಲದಲ್ಲಿ ಹುಟ್ಟಿದ ಶ್ರೀಗಂಧದ ಮೇಲೆ ಹಕ್ಕಿಲ್ಲದ ಮೈಸೂರಿನ ರೈತನ ನೋವು ಹೇಗಿರುತ್ತದೆಂಬುದು ಅಂದು ಬುಕಾನನ್ ಅವರಿಗೂ ತಿಳಿದಿರಬೇಕು.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡರು. ನೇಪಾಳದ ವೃತ್ತಾಂತ 1819ರಲ್ಲಿ, ಗಂಗಾನದಿಯ ಮೀನುಗಳ ಮೇಲಿನ ಗ್ರಂಥ 1822ರಲ್ಲಿ ಹೊರಬಂದವು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮಲಬಾರಿನ ವೈದ್ಯರ ನೆರವಿನಿಂದ ಹೊರತಂದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥಕ್ಕೆ ವ್ಯಾಖ್ಯಾನ ಬರೆಯುವುದರಲ್ಲೂ ಅವರು ತೊಡಗಿದ್ದರು. ಅದೂ ಸ್ಥಳೀಯ ಹೆಸರುಗಳ ಮೇಲೆ ನಿಂತ ಗ್ರಂಥವೇ. 1829ರ ಜೂನ್ 15ರಂದು ಅವರು ತೀರಿಕೊಂಡರು.

ಬುಕಾನನ್ ಅವರನ್ನು ಹೊಗಳುವಾಗ ಒಂದನ್ನು ಮರೆಯಬಾರದು. ಅವರು ಕೇಳಿದ್ದು ಕಂಪನಿಗಾಗಿ. ನಮ್ಮ ಹಿರಿಯರು ಹೇಳಿದ ಅರಿವು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಹೇಳಿದ ರೈತರ ಕೈಗೆ ಅದು ಮರಳಲಿಲ್ಲ. ಆ ಕೊರತೆಯನ್ನು ತುಂಬುವ ಕೆಲಸ ನಿಮ್ಮದು, ನಮ್ಮದು.

ಈ ಮುಂಗಾರಿಗೆ ಮುನ್ನ ನೀವು ಮಾಡಬೇಕಾದುದು

ಮೊದಲು ನಿಮ್ಮ ಊರಿನ ಹಿರಿಯರೊಬ್ಬರನ್ನು, ಕುರಿ ಕಾಯುವವರನ್ನು, ನಾಟಿ ಔಷಧ ಬಲ್ಲ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಜಮೀನನ್ನೂ ಹಳ್ಳವನ್ನೂ ಗುಡ್ಡವನ್ನೂ ಒಂದು ದಿನ ಸುತ್ತಿ. ಕಂಡ ಮರ, ಪೊದೆಗಳ ಹೆಸರನ್ನು ಅವರು ಹೇಳಿದಂತೆ ಬರೆದುಕೊಳ್ಳಿ. ಯಾವ ಮಣ್ಣಿನಲ್ಲಿದೆ, ಯಾವಾಗ ಹೂಬಿಡುತ್ತದೆ, ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಸೇರಿಸಿ. ಹಿಂದೆ ಇದ್ದು ಈಗಿಲ್ಲದ ಮರ ಯಾವುದೆಂದು ಮರೆಯದೆ ಕೇಳಿ. ಒಬ್ಬರ ಮಾತನ್ನು ಇನ್ನೊಬ್ಬರಲ್ಲಿ ಒರೆಹಚ್ಚಿ. ವಿಸ್ತರಣಾ ಕಾರ್ಯಕರ್ತರು ಪ್ರತಿ ಗ್ರಾಮಕ್ಕೆ ಇಂಥ ಒಂದು ಪುಸ್ತಕ ಇಡಿಸಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಉಳಿಸಲಿ.

ಎರಡನೆಯದಾಗಿ, ಆ ಸುತ್ತಿನಲ್ಲಿ ಕಂಡ ಆರೋಗ್ಯವಂತ ಮರಗಳನ್ನು ಗುರುತಿಸಿ, ಬೀಜವನ್ನು ಅವುಗಳಿಂದಲೇ ತನ್ನಿ. ಒಂದೇ ಮರದಿಂದ ತರದೆ ಹಲವು ಮರಗಳಿಂದ ತರುವುದು ಒಳ್ಳೆಯದು. ಹೊಂಗೆಯ ಕಾಯಿ ಬೇಸಿಗೆಯಲ್ಲಿ ಬಲಿಯುತ್ತದೆ. ಬೇವು, ನೇರಳೆ, ಇಪ್ಪೆಯ ಬೀಜ ಮುಂಗಾರಿನ ಆರಂಭದಲ್ಲಿ ಸಿಗುತ್ತದೆ. ಬೇವು, ನೇರಳೆ, ಇಪ್ಪೆಯ ಬೀಜಗಳು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ತಂದ ಕೂಡಲೇ ಬಿತ್ತಿ.

ಮೂರನೆಯದಾಗಿ, ಬೇಸಿಗೆಯಲ್ಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಎರಡು ಮೂರು ಹದಮಳೆಯಾದ ಮೇಲೆ ನೆಡಿ. ಬುಡಕ್ಕೆ ತರಗೆಲೆ ಹೊದಿಸಿ. ಮೊದಲ ಎರಡು ಬೇಸಿಗೆ ನೀರು, ದನದಿಂದ ಕಾವಲು ಇವೆರಡನ್ನು ಕೊಟ್ಟರೆ ಮುಂದೆ ಮರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಕಾಪಾಡಲಾಗದ ನೂರು ಸಸಿ ನೆಡುವುದಕ್ಕಿಂತ ಕಾಪಾಡಬಲ್ಲ ಹತ್ತು ಸಸಿ ನೆಡುವುದು ಲೇಸು.

ಕೊನೆಯದಾಗಿ, ಒಂದೇ ಜಾತಿಯನ್ನು ನೆಚ್ಚಬೇಡಿ. ಬೇಗ ಆದಾಯ ಕೊಡುವ ಒಂದು, ಮೇವಿಗೆ ಒಂದು, ಗೊಬ್ಬರಕ್ಕೆ ಒಂದು, ಮೊಮ್ಮಕ್ಕಳಿಗೆಂದು ಒಂದು, ಜೊತೆಗೆ ಬೇಲಿಯ ಪೊದೆ. ಇಷ್ಟು ಬೆರೆತಿದ್ದರೆ ಒಂದಕ್ಕೆ ರೋಗ ಬಂದರೂ ಉಳಿದವು ನಿಲ್ಲುತ್ತವೆ.

ಬುಕಾನನ್ ಈ ಸೀಮೆಯನ್ನು ಹಾದುಹೋದಾಗ ಮರದ ಹೆಸರು ಹೇಳಬಲ್ಲವರು ಪ್ರತಿ ಊರಿನಲ್ಲೂ ಇದ್ದರು. ಇಂದು ಅಂಥವರು ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ನೆಡಬೇಕಾದ ಮರ ಯಾವುದೆಂಬುದು ಆ ಪುಸ್ತಕದಲ್ಲೇ ಇರುತ್ತದೆ. ಸಂದೇಹವಿದ್ದಲ್ಲಿ ನಿಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಆ ಪುಸ್ತಕವನ್ನು ತೆಗೆದುಕೊಂಡು ಬನ್ನಿ.